ಫೋರ್ಟಿನ ಹಳೆಪುಸ್ತಕದಂಗಡಿಯಲ್ಲಿ ಡಬ್ಲಿನ್ನಿನ ಕಾರ್ಮಿಕ ಪಡೆ

ಮುಂಬಯಿಯ ಮಾಟುಂಗದಲ್ಲಿ ನಾವು ಕೆಲವು ಕನ್ನಡಿಗರು ಸೇರಿ ನಡೆಸುವ ಓದುಕೂಟದಲ್ಲಿ ಗಿರಣಗಾಂವಿನ ಗಿರಣಿ ಮುಷ್ಕರದ ಮಾತು ಬಂದಾಗ, ಮುಷ್ಕರನಿರತರು ತಮ್ಮದೇ ಪಡೆಯೊಂದನ್ನು ಕಟ್ಟಿದ್ದ ಡಬ್ಲಿನ್ ನಗರವನ್ನು ಹಿರಿಯರೊಬ್ಬರು ನೆನೆದರು. ಆ ಐರಿಶ್ ಸಿಟಿಜನ್ ಆರ್ಮಿಯ ಇತಿಹಾಸವನ್ನು ಹುಡುಕುತ್ತ ನಾನು ಫೋರ್ಟಿನ ಗಲ್ಲಿಯೊಂದರಲ್ಲಿರುವ ಈ ಹಳೆಪುಸ್ತಕದಂಗಡಿಗೆ ಹೋದೆ.

ಅಂಗಡಿಯವರು ಯುದ್ಧೇತಿಹಾಸದ ಕಪಾಟನ್ನು ದಾಟಿ ಕಾರ್ಮಿಕ ಸಂಘಗಳ ಕಪಾಟಿಗೇ ಕೈಹಾಕಿದ್ದು ನನಗೆ ಮೆಚ್ಚುಗೆಯಾಯಿತು. 1913ರ ಆಗಸ್ಟಿನಲ್ಲಿ ಟ್ರಾಮ್ ಕಂಪನಿಯ ಒಡೆಯ ವಿಲಿಯಂ ಮಾರ್ಟಿನ್ ಮರ್ಫಿ ಜೇಮ್ಸ್ ಲಾರ್ಕಿನ್ನರ ಕಾರ್ಮಿಕ ಸಂಘಕ್ಕೆ ಸೇರಿದವರನ್ನು ಕೆಲಸದಿಂದ ತೆಗೆದು, ಮುಷ್ಕರ ಶುರುವಾಗಿ, ಪೊಲೀಸರು ಜನರ ಮೇಲೆ ಲಾಠಿ ಬೀಸಿದ ಬಳಿಕ, ಕಾರ್ಮಿಕರ ಸಭೆಗಳ ಕಾವಲಿಗೆಂದು ನವೆಂಬರಿನಲ್ಲಿ ಹುಟ್ಟಿದ ಪಡೆಯಿದು. ಅದರ ಜಾಗ ಆ ಕಪಾಟಿನಲ್ಲೇ ಸರಿ. 350 ರೂಪಾಯಿಗೆ ಸಿಕ್ಕ ಪುಸ್ತಕದ ಹೊಲಿಗೆ ಗಟ್ಟಿಯಾಗಿದೆ, ಅಕ್ಷರ ಕಣ್ಣಿಗೆ ಹಿತವಾಗಿದೆ.

ದೋಷವೊಂದು ಮನೆಗೆ ಬಂದ ಮೇಲೆ ತಿಳಿಯಿತು: ನಡುವಿನ ನಕ್ಷೆಯ ಹಾಳೆಯೇ ಇಲ್ಲ. ಬೇರೆ ಪುಸ್ತಕವಾಗಿದ್ದರೆ ಸುಮ್ಮನಿರುತ್ತಿದ್ದೆ. 1916ರ ಏಪ್ರಿಲ್ 24ರಂದು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್ನಿನಲ್ಲಿ ದಂಗೆ ಎದ್ದಾಗ ಈ ಪಡೆಯ ರೇಷ್ಮೆ ನೇಕಾರ ಮೈಕೆಲ್ ಮ್ಯಾಲಿನ್ (ಬ್ರಿಟಿಷ್ ಸೈನಿಕನಾಗಿ ಭಾರತದಲ್ಲೂ ಇದ್ದವರು) ತಮ್ಮ ತುಕಡಿಯೊಂದಿಗೆ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನವನ್ನು ಹಿಡಿದು ಕಂದಕ ತೋಡಿಸಿದರು; ಮಾರ್ಕಿವಿಚ್ ಎಂಬ ಮಹಿಳೆ ಅಲ್ಲಿ ಅವರ ಸಹನಾಯಕಿ. ಆದರೆ ಬದಿಯ ಎತ್ತರದ ಶೆಲ್ಬರ್ನ್ ಹೋಟೆಲನ್ನು ಹಿಡಿಯಲಿಲ್ಲ. ಮರುದಿನ ಬೆಳಗ್ಗೆ ಬ್ರಿಟಿಷರು ಅಲ್ಲಿಂದಲೇ ಗುಂಡು ಸುರಿಸಿದಾಗ ಪಡೆ ಪಶ್ಚಿಮದ ವೈದ್ಯಕೀಯ ಕಾಲೇಜಿಗೆ ಹಿಂದೆ ಸರಿಯಬೇಕಾಯಿತು. ಹೋಟೆಲು ಎಲ್ಲಿ, ಕಾಲೇಜು ಎಲ್ಲಿ ಎಂಬುದು ಕಣ್ಣೆದುರಿಗಿಲ್ಲದೆ ಆ ತಪ್ಪಿನ ತೂಕ ತಿಳಿಯುವುದಾದರೂ ಹೇಗೆ? ಉದ್ಯಾನದ ಬಾತುಕೋಳಿಗಳಿಗೆ ಕಾಳು ಹಾಕಲೆಂದು ಎರಡೂ ಕಡೆಯವರು ಗುಂಡು ನಿಲ್ಲಿಸುತ್ತಿದ್ದರಂತೆ. ಆ ಕೊಳವನ್ನೂ ನಾನು ಊಹೆಯಲ್ಲೇ ಕಾಣಬೇಕಾಯಿತು.

ದಂಗೆಯಲ್ಲಿ ಗಾಯಗೊಂಡಿದ್ದ ಪಡೆಯ ನಾಯಕ ಜೇಮ್ಸ್ ಕಾನಲಿಯವರನ್ನು ಬ್ರಿಟಿಷರು ಮೇ 12ರಂದು ಕುರ್ಚಿಯಲ್ಲಿ ಕೂರಿಸಿ ಗುಂಡಿಕ್ಕಿದ ಕೊನೆಯ ಅಧ್ಯಾಯಕ್ಕೆ ನಕ್ಷೆ ಬೇಕಿಲ್ಲ, ಅದು ಪೂರ್ತಿಯಾಗಿದೆ.

ಪುಸ್ತಕ ತೋರಿಸಿದಾಗ ಅಂಗಡಿಯವರು ವಾದಿಸದೆ 100 ರೂಪಾಯಿ ಹಿಂತಿರುಗಿಸಿದರು, ಬೇರೆ ಪ್ರತಿ ಬಂದರೆ ನಕ್ಷೆಯ ನಕಲು ತೆಗೆದುಕೊಡುವುದಾಗಿ ನನ್ನ ಹೆಸರು ಬರೆದುಕೊಂಡರು. ಎರಡು ತಿಂಗಳಾದರೂ ಅದು ಬಂದಿಲ್ಲ. ಅಲ್ಲಿಗೆ ಹೋಗುವವರು ಹಣ ಕೊಡುವ ಮುನ್ನ ಚಿತ್ರ, ನಕ್ಷೆಗಳ ಪಟ್ಟಿಯನ್ನು ಹಾಳೆಗಳೊಂದಿಗೆ ತಾಳೆ ನೋಡಿಕೊಳ್ಳುವುದು ಒಳ್ಳೆಯದು. ಕೂತು ನೋಡಲು ಅವರೇ ಸ್ಟೂಲು ಕೊಡುತ್ತಾರೆ.