ಸೀವರ್ಡ್‌ನಿಂದ ಕೆನಾಯ್ ಫ್ಯೋರ್ಡ್ಸ್ ಬೋಟ್ ಟೂರ್: ಆರು ಗಂಟೆಯದ್ದನ್ನೇ ತಗೊಳ್ಳಿ

ಅಲಾಸ್ಕಾಗೆ ಹೊರಟವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಅಲ್ಲಿನ ಬಂದರು ಊರು ಸೀವರ್ಡ್‌ನಲ್ಲಿ ಬೋಟ್ ಹತ್ತುವುದಾದರೆ ಚಿಕ್ಕ ಟೂರ್ ಬೇಡ, ಕೆನಾಯ್ ಫ್ಯೋರ್ಡ್ಸ್ ನ್ಯಾಷನಲ್ ಪಾರ್ಕಿನ ಒಳಗೆ ಹೋಗುವ ಆರು ಗಂಟೆಯದ್ದನ್ನೇ ತಗೊಳ್ಳಿ. ತಲೆಗೆ 200 ಡಾಲರ್ ಮೇಲೆ ಆಗುತ್ತೆ, ಕಡಿಮೆ ದುಡ್ಡಲ್ಲ. ಆದರೂ ತಗೊಳ್ಳಿ.

ನಾವು ಹೋಗಿದ್ದು ಜೂನ್‌ನಲ್ಲಿ, ನಾನು, ಹೆಂಡತಿ, ಅಮ್ಮ. ಉಳಿದಿದ್ದ ಜಾಗದಲ್ಲಿ ಟಿಕೆಟ್ ಮಾಡಿಕೊಡುವವರು ಅರ್ಧ ದಿನದ ಟೂರನ್ನೇ ಹಿಡಿದು ಕೂತಿದ್ದರು. ವಯಸ್ಸಾದವರು ಇದ್ದಾರೆ, ಅದೇ ಸಾಕು, ಗ್ಲೇಸಿಯರ್ (ಹಿಮನದಿ) ಕೂಡ ಕಾಣುತ್ತೆ ಅಂದರು. ಕಾಣುತ್ತೆ, ಆದರೆ ದೂರದಲ್ಲಿ. ಆ ಬೋಟು ಊರಿನ ಮುಂದಿರುವ ರೆಸರೆಕ್ಷನ್ ಬೇ ಅನ್ನುವ ಕೊಲ್ಲಿ ಬಿಟ್ಟು ಹೊರಗೆ ಹೋಗುವುದೇ ಇಲ್ಲ, ಅದನ್ನು ಹೇಳದೆ ಟಿಕೆಟ್ ಮಾರುವುದು ನನಗೆ ಸರಿ ಅನಿಸಲಿಲ್ಲ. ಬಂದರಿನ ಪಕ್ಕದಲ್ಲೇ ಪಾರ್ಕಿನ ವಿಸಿಟರ್ ಸೆಂಟರ್ ಇದೆ. ಅಲ್ಲಿ ಕೇಳಿದ್ದಕ್ಕೆ ರೇಂಜರ್ ಒಬ್ಬರು ಮ್ಯಾಪ್ ಬಿಚ್ಚಿ, ಯಾವ ಬೋಟು ಎಲ್ಲಿವರೆಗೆ ಹೋಗುತ್ತೆ ಅಂತ ಬೆರಳಿಟ್ಟು ತೋರಿಸಿದರು. ದುಡ್ಡು ಕೊಡುವ ಮೊದಲು ನೀವೂ ಇದೊಂದು ಕೆಲಸ ಮಾಡಿ.

ಬೋಟು ದೊಡ್ಡದು, ಒಳಗೆ ಬೆಚ್ಚಗಿರುತ್ತೆ. ಹೊರಟ ಹತ್ತೇ ನಿಮಿಷಕ್ಕೆ ನೀರುನಾಯಿ ಸಿಕ್ಕಿತು, ಬೆನ್ನ ಮೇಲೆ ಮಲಗಿ ಹೊಟ್ಟೆ ಮೇಲೆ ಏನೋ ಇಟ್ಟುಕೊಂಡು ತಿನ್ನುತ್ತಿತ್ತು. ತಿಮಿಂಗಿಲ, ಸೀಲ್‌ಗಳಿಗೆ ಇರುವ ಹಾಗೆ ಇದಕ್ಕೆ ದಪ್ಪ ಕೊಬ್ಬಿನ ಪದರ ಇಲ್ಲ. ಆ ಚಳಿ ನೀರಿನಲ್ಲಿ ಅದನ್ನು ಕಾಯುವುದು ಬರೀ ತುಪ್ಪಳ. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಚೆಲ್ಲಿದಾಗ ಆ ತುಪ್ಪಳಕ್ಕೆ ಎಣ್ಣೆ ಮೆತ್ತಿಕೊಂಡು ಸಾವಿರಾರು ನೀರುನಾಯಿಗಳು ಸತ್ತವಂತೆ. ಕ್ಯಾಪ್ಟನ್ ಮೈಕಿನಲ್ಲಿ ಇದನ್ನು ಹೇಳುವಾಗ ಇಡೀ ಬೋಟು ಸುಮ್ಮನಾಗಿತ್ತು.

ಬೇ ದಾಟಿ ತೆರೆದ ಸಮುದ್ರಕ್ಕೆ ಬಂದ ಮೇಲೆ ಅಲೆ ಜಾಸ್ತಿ. ಏಯಾಲಿಕ್ ಕೇಪ್ ಅನ್ನುವ ಭೂಶಿರ ಸುತ್ತುವಾಗ ಅಮ್ಮನಿಗೆ ವಾಂತಿ ಆಯಿತು. ಬೋಟಿನ ಹುಡುಗಿಯೊಬ್ಬಳು ತಕ್ಷಣ ಬಂದು, ಅಮ್ಮನ ಕೈ ಹಿಡಿದು ಹಿಂದಿನ ಡೆಕ್ಕಿಗೆ ಕರೆದುಕೊಂಡು ಹೋಗಿ ಕೂರಿಸಿ, ಶುಂಠಿ ಮಿಠಾಯಿ ಕೊಟ್ಟು, ದೂರದ ದಡವನ್ನೇ ನೋಡುತ್ತಾ ಇರಿ ಅಂದಳು. ಅಮ್ಮನಿಗೆ ಇಂಗ್ಲಿಷ್ ಬರುವುದು ಅಷ್ಟಕ್ಕಷ್ಟೆ, ಆದರೂ ಇಬ್ಬರೂ ಅರ್ಧ ಗಂಟೆ ಜೊತೆಗೇ ಕೂತಿದ್ದರು. ಈ ಕಂಪನಿ ಬಗ್ಗೆ ನನಗೆ ಗೌರವ ಬಂದಿದ್ದು ಅಲ್ಲೇ. ವಾಂತಿ ಮಾತ್ರೆಯನ್ನು ಬೋಟ್ ಹೊರಡುವ ಒಂದು ಗಂಟೆ ಮೊದಲೇ ತಗೊಳ್ಳಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ತಗೊಂಡರೆ ಕೆಲಸ ಮಾಡಲ್ಲ.

ಚಿಸ್ವೆಲ್ ದ್ವೀಪಗಳ ಹತ್ತಿರ ಬಂಡೆ ತುಂಬಾ ಸೀ ಲಯನ್‌ಗಳು, ವಾಸನೆ ಬೋಟಿನವರೆಗೂ ಬರುತ್ತೆ. ಪಫಿನ್ ಹಕ್ಕಿಗಳು ಮೇಲೆ ಹಾರಲು ಪಡುವ ಪಾಡು ನೋಡಬೇಕು, ನೀರಿನ ಮೇಲೆ ಓಡಿ ಓಡಿ ಕೊನೆಗೆ ಹೇಗೋ ಏಳುತ್ತವೆ. ಒಂದು ಹಂಪ್‌ಬ್ಯಾಕ್ ತಿಮಿಂಗಿಲದ ಬಾಲ ಎರಡು ಸಲ ಕಂಡಿತು. ಓರ್ಕಾ, ಅಂದರೆ ಕಪ್ಪು-ಬಿಳುಪಿನ ಕಿಲ್ಲರ್ ವೇಲ್, ಸಿಗಲಿಲ್ಲ. ಕಾಡುಪ್ರಾಣಿ ಅಲ್ವಾ, ಅದಕ್ಕೆ ದೂರು ಹೇಳುವ ಹಾಗಿಲ್ಲ.

ಆಮೇಲೆ ಏಯಾಲಿಕ್ ಗ್ಲೇಸಿಯರ್. ಹಾರ್ಡಿಂಗ್ ಐಸ್‌ಫೀಲ್ಡ್ ಅಂತ ಬೆಟ್ಟಗಳ ಮೇಲೆ ಸುಮಾರು 1,800 ಚದರ ಕಿಲೋಮೀಟರ್ ಹರಡಿಕೊಂಡ ಮಂಜಿನ ಬಯಲು ಇದೆ, ಅಲ್ಲಿಂದ ಇಳಿದು ಬರುವ ಗ್ಲೇಸಿಯರ್‌ಗಳಲ್ಲಿ ಇದೂ ಒಂದು. ನೇರ ಸಮುದ್ರಕ್ಕೇ ಬಂದು ನಿಲ್ಲುತ್ತೆ. ಸಾಕಷ್ಟು ದೂರದಲ್ಲೇ ಬೋಟ್ ನಿಲ್ಲಿಸಿ, ಕ್ಯಾಪ್ಟನ್ ಇಂಜಿನ್ ಆಫ್ ಮಾಡಿದರು. ಮೈಕನ್ನೂ. ಆಗ ಕೇಳಿಸಿತು ನೋಡಿ, ಸುತ್ತ ತೇಲುತ್ತಿದ್ದ ಐಸ್ ಚಟಚಟ ಅನ್ನುವುದು. ಐಸ್ ಕರಗುವಾಗ ಒಳಗೆ ಸಿಕ್ಕಿಕೊಂಡಿದ್ದ ಹಳೇ ಗಾಳಿ ಗುಳ್ಳೆ ಒಡೆದು ಹೊರಗೆ ಬರುವ ಸದ್ದು ಅದು. ಐಸ್ ತುಂಡುಗಳ ಮೇಲೆ ಸೀಲ್‌ಗಳು ಮರಿ ಹಾಕಿಕೊಂಡು ಮಲಗಿದ್ದವು. ಇದ್ದಕ್ಕಿದ್ದ ಹಾಗೆ ಎದುರಿನ ನೀಲಿ ಗೋಡೆಯಿಂದ ಮನೆಯಷ್ಟು ದೊಡ್ಡ ಚೂರು ಜಾರಿತು. ಮೊದಲು ಬಿದ್ದಿದ್ದು ಕಂಡಿತು, ಸದ್ದು ಆಮೇಲೆ ಬಂತು, ಎದೆಗೇ ಗುದ್ದಿದ ಹಾಗೆ. ಯಾರೂ ಮಾತಾಡಲಿಲ್ಲ. ಕ್ಯಾಪ್ಟನ್ ಅಲ್ಲೇ ಮುಕ್ಕಾಲು ಗಂಟೆ ನಿಲ್ಲಿಸಿದ್ದರು, ಒಂದು ಸಲವೂ ಅವಸರ ಮಾಡಲಿಲ್ಲ. ಕೊಟ್ಟ ಅಷ್ಟೂ ದುಡ್ಡು ಆ ಮುಕ್ಕಾಲು ಗಂಟೆಗೇ ಸರಿ ಹೋಯಿತು.

ಬೇಜಾರಾಗಿದ್ದು ಊಟದ ವಿಷಯಕ್ಕೆ. ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಹೇಳಿದ್ದೆವು, ಬೋಟಿನಲ್ಲಿ ನೋಡಿದರೆ ಮೂವರಿಗೂ ಟರ್ಕಿ ಕೋಳಿಯ ಮಾಂಸ ಇಟ್ಟಿದ್ದರು. ಚಿಪ್ಸ್, ಸೇಬಿನಲ್ಲೇ ದಿನ ಕಳೆದೆವು. ತಿನ್ನುವುದಕ್ಕೆ ನಿಮ್ಮದೇ ಏನಾದರೂ ಬ್ಯಾಗಿನಲ್ಲಿ ಇರಲಿ. ಟೋಪಿ, ಗ್ಲೌಸ್, ಗಾಳಿ ತಡೆಯುವ ಜಾಕೆಟ್ ಜೂನ್‌ನಲ್ಲೂ ಬೇಕೇ ಬೇಕು, ಗ್ಲೇಸಿಯರ್ ಮುಂದೆ ಬೀಸುವ ಗಾಳಿ ಮೂಳೆಗೇ ಇಳಿಯುತ್ತೆ.

ಇನ್ನೊಂದು ದಿನ ಇದ್ದರೆ ಊರಿನಿಂದ ಕಾರಿನಲ್ಲೇ ಹೋಗಬಹುದಾದ ಎಕ್ಸಿಟ್ ಗ್ಲೇಸಿಯರ್ ನೋಡಿ. ಹಿಂದೆ ಯಾವ ವರ್ಷ ಮಂಜು ಎಲ್ಲಿವರೆಗೆ ಇತ್ತು ಅಂತ ದಾರಿಯಲ್ಲಿ ಬೋರ್ಡು ನೆಟ್ಟಿದ್ದಾರೆ. 1917 ಅಂತ ಬರೆದ ಕಡೆ ಈಗ ದೊಡ್ಡ ಮರಗಳಿವೆ. 2010ರ ಬೋರ್ಡಿನ ಹತ್ತಿರ ಬಂದಾಗ ಅಮ್ಮ, "ಇದು ನೀನು ಕೆಲಸಕ್ಕೆ ಸೇರಿದ ವರ್ಷ ಅಲ್ವೇನೋ?" ಅಂದರು. ಹೌದಮ್ಮ ಅಂದೆ. ಅಲ್ಲಿಂದ ಐಸ್ ಎಷ್ಟು ದೂರ ಇದೆ ಅಂತ ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ತುಂಬಾ ಹೊತ್ತು ನೋಡುತ್ತಾ ನಿಂತಿದ್ದರು.