ಧಾರವಾಡದ ಬಂಗಲೆಯೋ, ಕಪ್ಪತಗುಡ್ಡದ ವಾಡೆಯೋ?

ಹುಬ್ಬಳ್ಳಿಯಲ್ಲಿ ಮನೆ ಇಟ್ಟುಕೊಂಡು ಧಾರವಾಡದಲ್ಲಿ ರೂಮ್ ಹಿಡಿಯೋಣ ಅಂದಾಗ ಅವ್ವ ನಕ್ಕಳು. "ತಾಸಿನ ಹಾದಿಗೆ ರೊಕ್ಕಾ ಕೊಟ್ಟು ಮಲಗಬೇಕೇನೋ?" ಅಂದಳು. ಆದರೂ ಹೊರಟೆವು. ಹಳೆ ಮನೆ ಅಂದ್ರೆ ನನಗೆ ಹುಚ್ಚು. ಜುಲೈನಲ್ಲಿ ಧಾರವಾಡದ ಒಂದು ಹಂಚಿನ ಬಂಗಲೆ, ಅಕ್ಟೋಬರ್‌ನಲ್ಲಿ ಗದಗ ಜಿಲ್ಲೆಯ ಡಂಬಳದ ಹತ್ತಿರ, ಕಪ್ಪತಗುಡ್ಡದ ಬುಡದ ಒಂದು ವಾಡೆ, ಅಂದ್ರೆ ಹಳೇ ಕಾಲದ ದೊಡ್ಡ ಮನೆ. ಎರಡೂ ರಿಪೇರಿ ಮಾಡಿಸಿ ಅತಿಥಿಗಳಿಗೆ ಬಿಟ್ಟಿರುವ ಮನೆಗಳು. ಎರಡೆರಡು ರಾತ್ರಿ ಇದ್ದೆವು.

ನೋಡಲು ಬಂಗಲೆಯೇ ಚೆಂದ. ಎತ್ತರದ ಸೂರು, ಉದ್ದನೆ ವರಾಂಡಾ, ಬೆತ್ತದ ಕುರ್ಚಿ. ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತ ಮೂರು ಸಲ ಚಹಾ ಆಯಿತು. ರಾತ್ರಿ ಮಲಗಿದರೆ ಮುಗ್ಗಲು ವಾಸನೆ. ಮಂಚದ ಹಿಂದಿನ ಗೋಡೆ ಮುಟ್ಟಿದೆ. ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು, ಒತ್ತಿದರೆ ಪುಡಿಯಾಗಿ ಕೈಗೆ ಬಂತು. ಸುಣ್ಣದ ಗಾರೆಯ ಗೋಡೆ ಮಳೆಗೆ ಹಸಿ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಆ ಹಸಿ ಎಲ್ಲಿಗೆ ಹೋಗಬೇಕು? ಮ್ಯಾನೇಜರ್ ಬಂದು ನೋಡಿ, "ಮಳಿಗಾಲ ಅಲ್ರೀ ಸರ" ಎಂದು ಒಂದು ಊದುಬತ್ತಿ ಹಚ್ಚಿಟ್ಟು ಹೋದರು.

ವಾಡೆಯ ಗೋಡೆ ಕಲ್ಲು-ಮಣ್ಣಿನದು. ಎಷ್ಟು ದಪ್ಪ ಅಂದ್ರೆ ಕಿಟಕಿಯ ಗೂಡಿನಲ್ಲಿ ಅವ್ವ ಕಾಲು ಮಡಚಿ ಕೂತು ಎಲೆ-ಅಡಿಕೆ ಹಾಕಿಕೊಂಡಳು. ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಹಾಳುಮಣ್ಣು ಹಾಕಿ ತುಳಿಸುತ್ತಾರಂತೆ. ಬಚ್ಚಲು ಬಿಟ್ಟರೆ ಎಲ್ಲೂ ಸಿಮೆಂಟ್ ಕಾಣಲಿಲ್ಲ. ಮಧ್ಯಾಹ್ನ ಹೊರಗೆ ಸುಡುವ ಬಿಸಿಲು, ಪಡಸಾಲೆಯಲ್ಲಿ ಮಾತ್ರ ಫ್ಯಾನ್ ಇಲ್ಲದೆ ನಿದ್ದೆ.

ಹಾಗಂತ ಎಲ್ಲಾ ಸುಖವೇ ಅಲ್ಲ. ಬಾಗಿಲು ಗಿಡ್ಡ, ನನ್ನ ಹಣೆಗೆ ಎರಡು ಸಲ ಬಡಿಯಿತು. ಬಚ್ಚಲು ಅಂಗಳದ ಆಚೆ. ಮೊಣಕಾಲು ನೋವಿನ ಅವ್ವನನ್ನು ನಡುರಾತ್ರಿ ಎತ್ತರದ ಹೊಸ್ತಿಲು ದಾಟಿಸಿ ಕರೆದುಕೊಂಡು ಹೋಗುವಾಗ, ಧಾರವಾಡದ ರೂಮಿನ ಒಳಗೇ ಇದ್ದ ಬಾತ್‌ರೂಮ್ ನೆನಪಾಯಿತು. ವಯಸ್ಸಾದವರು ಜೊತೆಗಿದ್ದರೆ ಇದೊಂದು ಕಾರಣಕ್ಕೇ ಬಂಗಲೆ ಸಾಕು. ಮಳೆಗಾಲ ಮುಗಿದ ಮೇಲೆ ಹೋಗಿ.

ತೋಟದ ಮಾತಿಗೆ ಬಂದರೆ ಹೋಲಿಕೆಯೇ ಇಲ್ಲ. ಬಂಗಲೆಯದು ಕತ್ತರಿಸಿದ ಹುಲ್ಲು, ಬಣ್ಣದ ಲೈಟು, ಒಂದು ಹಳೇ ಮಾವಿನ ಮರ. ವಾಡೆಯಲ್ಲಿ ಗುಡ್ಡದ ಇಳಿಜಾರಿಗೆ ಕಲ್ಲಿನ ಒಡ್ಡು ಹಾಕಿ ಮೆಟ್ಟಿಲು ಮೆಟ್ಟಿಲಾಗಿ ಗಿಡ ಬೆಳೆಸಿದ್ದಾರೆ. ಸೀತಾಫಲ, ನೆಲ್ಲಿ, ಕವಳಿ, ಲಕ್ಕಿ, ಅಮೃತಬಳ್ಳಿ. ಎಲ್ಲಾ ಈ ಒಣ ಗುಡ್ಡದಲ್ಲಿ ಬೆಳೆಯುವವೇ, ಜಾಸ್ತಿ ನೀರು ಕೇಳುವುದಿಲ್ಲ. ಮೇಲಿನ ಒಡ್ಡಿನ ಮೇಲೆ ನಿಂತರೆ ದೂರದಲ್ಲಿ ಗಾಳಿಯಂತ್ರಗಳ ಸಾಲು.

ತೋಟದ ಅಜ್ಜ ಒಂದು ಬಳ್ಳಿಯಿಂದ ಎರಡು ಎಲೆ ಕಿತ್ತು ಕೊಟ್ಟರು. "ಅಗದು ನೋಡ್ರೀ ಅವ್ವಾರ." ಮಧುನಾಶಿನಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ಒಂದು ಎಲೆಯನ್ನೂ ಕೀಳುವಂತಿಲ್ಲ. ಇದು ತೋಟದಲ್ಲೇ ಹಬ್ಬಿಸಿದ್ದು. ಬಾಯೆಲ್ಲ ಒಗರು. ಚೀಲದಲ್ಲಿದ್ದ ಧಾರವಾಡ ಪೇಡೆಯನ್ನು ಅವ್ವ ಬಾಯಿಗೆ ಹಾಕಿಕೊಂಡಳು, ತಕ್ಷಣ ಮುಖ ಹಿಂಡಿದಳು. "ಏನೋ ಇದು, ಮಣ್ಣು ತಿಂದಂಗ ಆಗೇತಿ!" ನಾನೂ ತಿಂದೆ. ನಿಜ, ಸಿಹಿಯೇ ಇಲ್ಲ, ಸುಮ್ನೆ ಒಣ ಖೋವಾ. ಅಜ್ಜ ನಕ್ಕಿದ್ದೇ ನಕ್ಕಿದ್ದು. ನಾಲಿಗೆ ಸರಿಹೋಗಲು ಅರ್ಧ ತಾಸು ಬೇಕಾಯಿತು.

ಊಟ ಎರಡೂ ಕಡೆ ಚೆನ್ನಾಗಿತ್ತು. ವಾಡೆಯ ಖಡಕ್ ರೊಟ್ಟಿ, ಎಣ್ಣೆಗಾಯಿಗೆ ಒಂದು ಅಂಕ ಜಾಸ್ತಿ. ಬಾಡಿಗೆ ಬಂಗಲೆಗೆ ರಾತ್ರಿಗೆ 3,200, ಊಟ ಬೇರೆ. ವಾಡೆಗೆ 2,600, ಎರಡು ಹೊತ್ತಿನ ಊಟ ಸೇರಿ. ಫೋನ್ ಸಿಗ್ನಲ್ ಮೇಲಿನ ಒಡ್ಡಿಗೆ ಹತ್ತಿದರೆ ಮಾತ್ರ. ವಾಪಸ್ ಬರುವಾಗ ಡಂಬಳದ ದೊಡ್ಡಬಸಪ್ಪ ಗುಡಿ ತಪ್ಪಿಸಬೇಡಿ. ನಕ್ಷತ್ರದ ಆಕಾರದ ಆ ಗೋಡೆಯ ಮೂಲೆಗಳನ್ನು ಎಣಿಸುತ್ತ ಒಂದು ಸುತ್ತು ಹಾಕಲು ನಮಗೆ ಅರ್ಧ ತಾಸು ಹಿಡಿಯಿತು.

ಸಂಕ್ರಾಂತಿಗೆ ಮತ್ತೆ ವಾಡೆಗೇ ಹೇಳಿಟ್ಟಿದ್ದೇನೆ. ಬಚ್ಚಲಿಗೆ ಹತ್ತಿರದ ಕೋಣೆ ಕೇಳಿದ್ದೇನೆ, ಟಾರ್ಚ್ ತೆಗೆದಿಟ್ಟಿದ್ದೇನೆ. ಅವ್ವನೂ ಬರುತ್ತಾಳೆ. ಪೇಡೆ ಮಾತ್ರ ಅಜ್ಜನ ಕಣ್ಣಿಗೆ ಬೀಳಬಾರದಂತೆ.