ಹೊಸ ಡಬ್ಬ ನೋಡಿ ಮಿಗ್-15 ಕಿಟ್ ಕೊಳ್ಳಬೇಡಿ

ಆನ್‌ಲೈನ್‌ನಲ್ಲಿ ಬಿಡಿ ಮಾರಾಟಗಾರರಿಂದ ಮಿಗ್-15 ಅನ್ನುವ ಸೋವಿಯತ್ ಯುದ್ಧ ಜೆಟ್ಟಿನ ಪ್ಲಾಸ್ಟಿಕ್ ಮಾದರಿ ಕಟ್ಟುವ ಕಿಟ್ ಕೊಳ್ಳುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಡಬ್ಬದ ಮೇಲಿನ ಚಿತ್ರ, ಸುತ್ತಿರುವ ಪ್ಲಾಸ್ಟಿಕ್ ಹಾಳೆ, 'ಹೊಸ ಅಚ್ಚು' ಅನ್ನುವ ಮಾತು, ಈ ಮೂರನ್ನೂ ನಂಬಬೇಡಿ. ಒಳಗಿನ ಸ್ಪ್ರೂಗಳ, ಅಂದರೆ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟುಗಳ, ಫೋಟೊ ಕೇಳಿ. ಕಳಿಸಲ್ಲ ಅಂದರೆ ಆ ಕಿಟ್ ಬಿಟ್ಟುಬಿಡಿ.

ನನಗೆ ಮಾರಿದವನು '1:48 ಅಳತೆ, ಮಿಗ್-15 ಬಿಸ್, ಹೊಸ ಅಚ್ಚು, ಬಿಚ್ಚಿಲ್ಲ' ಅಂತ ಬರೆದಿದ್ದ. 1:48 ಅಂದರೆ ನಿಜವಾದ ವಿಮಾನದ ನಲವತ್ತೆಂಟನೇ ಒಂದು ಅಳತೆ, ಬಿಸ್ ಅಂದರೆ ಮಿಗ್-15ರ ಸುಧಾರಿತ ಆವೃತ್ತಿ. ಡಬ್ಬ ಸೀಲ್ ಆಗಿಯೇ ಬಂತು. ಚಿತ್ರವೂ ಭರ್ಜರಿಯಾಗಿತ್ತು. ಬಿಚ್ಚಿ ನೋಡಿದರೆ ಒಳಗೆ ಇದ್ದದ್ದು ದಶಕಗಳಷ್ಟು ಹಳೇ ಅಚ್ಚಿನ ಭಾಗಗಳು. ಪ್ಯಾನೆಲ್ ಗೆರೆಗಳು (ಲೋಹದ ಹಾಳೆಗಳ ಸಂದು ತೋರಿಸುವ ಗೆರೆಗಳು) ಒಳಕ್ಕೆ ಕೊರೆದವಲ್ಲ, ಹೊರಕ್ಕೆ ಉಬ್ಬಿದವು. ಅಚ್ಚು ಸವೆದು ಅಂಚುಗಳಲ್ಲೆಲ್ಲ ತೆಳು ಪ್ಲಾಸ್ಟಿಕ್ ಪೊರೆ ಸೋರಿತ್ತು. ರೆಕ್ಕೆಯ ಬುಡದಲ್ಲಿ ಗುಳಿ. ವಿಮಾನದ ಮೈಯ ಒಂದು ಅರ್ಧ ಬಾಳೆಹಣ್ಣಿನಂತೆ ಬಾಗಿತ್ತು. ಸಣ್ಣ ಭಾಗಗಳು ಕೆಲವು ಸ್ಪ್ರೂ ಬಿಟ್ಟು ಡಬ್ಬದ ತಳ ಸೇರಿದ್ದವು. ಅಂದರೆ ಯಾರೋ ಒಮ್ಮೆ ಬಿಚ್ಚಿದ್ದಾರೆ, ಆಮೇಲೆ ಹಾಳೆ ಸುತ್ತಿ ಬಿಸಿಗಾಳಿ ಹಾಯಿಸಿ ಮತ್ತೆ ಸೀಲ್ ಮಾಡಿದ್ದಾರೆ. ಇದನ್ನು ಮನೆಯಲ್ಲೇ ಮಾಡಬಹುದು. ಸೀಲ್ ಇದೆ ಅನ್ನುವುದು ಯಾವುದಕ್ಕೂ ಸಾಕ್ಷಿಯಲ್ಲ.

ಹಳೇ ಅಚ್ಚಿಗೆ ಹೊಸ ಡಬ್ಬ ಹಾಕುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ಉಕ್ಕಿನ ಅಚ್ಚುಗಳು ದಶಕಗಟ್ಟಲೆ ಬಾಳುತ್ತವೆ, ಕಂಪನಿಯಿಂದ ಕಂಪನಿಗೆ ಹೋಗುತ್ತವೆ. ಕಡಿಮೆ ಬೆಲೆಗೆ, ಇದು ಹಳೇದು ಅಂತ ಹೇಳಿ ಮಾರಿದರೆ ತಕರಾರೇ ಇಲ್ಲ. ಹೊಸದು ಅಂತ ಹೇಳಿ ಹೊಸದರ ಬೆಲೆ ತಗೊಳ್ಳುವುದು ಮೋಸ. ಸ್ಕೇಲ್‌ಮೇಟ್ಸ್ ಜಾಲತಾಣದಲ್ಲಿ ಕಿಟ್ ಹೆಸರು ಹುಡುಕಿದರೆ ಅದರ ಅಚ್ಚು ಯಾವ ವರ್ಷದ್ದು, ಯಾರ್ಯಾರ ಡಬ್ಬದಲ್ಲಿ ಬಂದಿತ್ತು ಅನ್ನುವ ವಂಶಾವಳಿ ಸಿಗುತ್ತದೆ. ದುಡ್ಡು ಕೊಡುವ ಮುಂಚೆ ಅಲ್ಲಿ ನೋಡಿ.

ಇನ್ನೊಂದು ಸುಳ್ಳು 'ಬಿಸ್' ಅನ್ನುವುದು. ಮಿಗ್-15 ಮೊದಲು ಹಾರಿದ್ದು 1947ರ ಡಿಸೆಂಬರ್ 30ರಂದು. ಶುರುವಿನ ವಿಮಾನಗಳಲ್ಲಿದ್ದ ಆರ್‌ಡಿ-45 ಎಂಜಿನ್, ಬ್ರಿಟನ್ನಿನ ರೋಲ್ಸ್ ರಾಯ್ಸ್ ನೀನ್ ಎಂಜಿನ್ನಿನ ನಕಲು. ಬಿಸ್‌ಗೆ ಬಂದದ್ದು ಹೆಚ್ಚು ಬಲದ ವಿಕೆ-1. ಎಂಜಿನ್ ಹೊರಗೆ ಕಾಣಲ್ಲ, ಸರಿ. ಆದರೆ ಮೈಯ ಹಿಂಭಾಗದ ಎರಡೂ ಬದಿಯಲ್ಲಿರುವ, ವೇಗ ತಗ್ಗಿಸಲು ಹೊರಕ್ಕೆ ತೆರೆದುಕೊಳ್ಳುವ ಫಲಕ ಅಂದರೆ ಏರ್‌ಬ್ರೇಕ್ ಬಿಸ್‌ನಲ್ಲಿ ದೊಡ್ಡದು. ನನಗೆ ಬಂದ ಕಿಟ್‌ನಲ್ಲಿ ಹಳೇ ಚಿಕ್ಕ ಏರ್‌ಬ್ರೇಕ್‌ಗಳೇ ಇದ್ದವು. ಬಿಸ್ ಇದ್ದದ್ದು ಡಬ್ಬದ ಮೇಲೆ ಮಾತ್ರ. ಫೋಟೊ ಕೇಳುವಾಗ ಈ ಜಾಗವನ್ನೇ ಹತ್ತಿರದಿಂದ ತೆಗೆದು ಕಳಿಸಿ ಅನ್ನಿ.

ಮಾರಿದವನು ವಾಪಸ್ ತಗೊಳ್ಳಲ್ಲ ಅಂದ. ಸರಿ, ಕಟ್ಟಿಯೇ ಬಿಡೋಣ ಅಂತ ಕೂತೆ. ಮುಂದಿನ ಗೋಳು ಇಲ್ಲಿಂದ ಶುರು.

ಈ ವಿಮಾನದ ಮಾದರಿ ಮೂತಿಯಲ್ಲಿ ಭಾರ ಇಡದಿದ್ದರೆ ಬಾಲದ ಮೇಲೆ ಕೂರುತ್ತದೆ. ನನ್ನ ಕಿಟ್‌ನ ಸೂಚನಾ ಹಾಳೆಯಲ್ಲಿ ಇದರ ಸುಳಿವೇ ಇಲ್ಲ. ಬೇರೆ ವಿಮಾನವಾದರೆ ಮೂತಿ ತುಂಬ ಸೀಸದ ಗುಂಡು ತುಂಬಿದರೆ ಆಯ್ತು. ಮಿಗ್-15ರ ಮೂತಿ ಅಂದರೆ ಗಾಳಿ ಹೋಗುವ ಬಾಯಿ. ನಡುವೆ ಒಂದು ಗೋಡೆ, ಕೆಳಗೆ ಮುಂದಿನ ಚಕ್ರದ ಗೂಡು. ಭಾರಕ್ಕೆ ಉಳಿಯುವುದು ಕಾಕ್‌ಪಿಟ್‌ನ ನೆಲದಡಿ ಮತ್ತು ಗಾಳಿಕೊಳವೆಗೂ ಹೊರಮೈಗೂ ನಡುವಿನ ಸಂದು. ಅದೂ ಎರಡು ಅರ್ಧಗಳನ್ನು ಅಂಟಿಸುವ ಮುಂಚೆ ಮಾತ್ರ. ಅಂಟಿಸದೆ, ಟೇಪ್ ಸುತ್ತಿ, ಹಿಂದಿನ ಚಕ್ರಗಳ ಜಾಗದಲ್ಲಿ ಬೆರಳಿಟ್ಟು ತೂಗಿ ನೋಡಿ. ಮೂತಿ ಕೆಳಗೆ ಬಾಗಿದರೆ ಮಾತ್ರ ಮುಂದುವರಿಯಿರಿ. ಬಾಗಿದ ಮೈಯನ್ನು ನೇರ ಮಾಡುವ ಗಲಾಟೆಯಲ್ಲಿ ಇದನ್ನು ಮರೆಯುವುದು ಬಹಳ ಸುಲಭ.

ಬಣ್ಣದ ವಿಷಯಕ್ಕೆ ಬಂದರೆ ಸಿಟ್ಟು ಇನ್ನೂ ಇಳಿದಿಲ್ಲ. ಮಿಗ್-15 ಬಹುಪಾಲು ಬರೀ ಲೋಹದ ಮೈಯಲ್ಲೇ ಹಾರಿತು. ಲೋಹದ ಬಣ್ಣ ಒಂದು ಕೂದಲಿನಷ್ಟು ಗೀರನ್ನೂ ಮುಚ್ಚಲ್ಲ, ಎತ್ತಿ ತೋರಿಸುತ್ತದೆ. ಮೈ ಬಾಗಿದ್ದರಿಂದ ಸಂದಿಗೆ ಪುಟ್ಟಿ ತುಂಬಲೇಬೇಕು. ಪುಟ್ಟಿ ಉಜ್ಜಿದರೆ ಅಕ್ಕಪಕ್ಕದ ಉಬ್ಬು ಗೆರೆಗಳೂ ಅಳಿಸಿಹೋಗುತ್ತವೆ. ಅವನ್ನು ಗಟ್ಟಿ ಟೇಪ್ ಅಂಟಿಸಿಕೊಂಡು ಸೂಜಿಮೊನೆಯಿಂದ ಹೊಸದಾಗಿ ಕೊರೆಯಬೇಕು. ಒಂದು ಕಡೆ ಕೊರೆದರೆ ಉಳಿದ ಕಡೆ ಉಬ್ಬು ಗೆರೆ ವಿಚಿತ್ರವಾಗಿ ಕಾಣುತ್ತದೆ, ಹಾಗಾಗಿ ಇಡೀ ವಿಮಾನ ಕೊರೆಯಬೇಕು. ಇಷ್ಟೆಲ್ಲ ಆದ ಮೇಲೆ ಹೊಳೆಯುವ ಕಪ್ಪು ಬಳಿದು, ಅದರ ಮೇಲೆ ಅಲ್ಯೂಮಿನಿಯಂ ಬಣ್ಣ ಹೊಡೆದೆ. ಮಾರನೇ ವಾರ ಪುಟ್ಟಿ ಕುಗ್ಗಿ ಸಂದಿನ ಗೆರೆ ಮತ್ತೆ ಎದ್ದು ಬಂತು!

ಹಳೇ ಅಚ್ಚಿನ ಕಿಟ್ ಈಗಾಗಲೇ ನಿಮ್ಮ ಕೈಯಲ್ಲಿದ್ದರೆ ಲೋಹದ ಬಣ್ಣಕ್ಕೆ ಹೋಗಲೇಬೇಡಿ. ಕೊರಿಯಾ ಯುದ್ಧದಲ್ಲಿ ಕೆಲವು ಮಿಗ್-15ಗಳಿಗೆ ಕ್ಯಾಮೊಫ್ಲಾಜ್ ಬಣ್ಣ ಬಳಿದಿದ್ದರು. ಅದನ್ನು ಆರಿಸಿಕೊಳ್ಳಿ, ಅರ್ಧ ತಪ್ಪು ಅದರಡಿ ಮುಚ್ಚಿಹೋಗುತ್ತದೆ. ಇಲ್ಲ, ಬೆಳ್ಳಿ ಮೈಯೇ ಬೇಕು ಅಂದರೆ ಕನ್ನಡಿ ಹೊಳಪಿಗೆ ಕಷ್ಟಪಡಬೇಡಿ, ಮಂಕು ಅಲ್ಯೂಮಿನಿಯಂ ಸಾಕು. ಕ್ಯಾನೊಪಿ, ಅಂದರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳದ ಹತ್ತಿರ ಸೂಪರ್ ಗ್ಲೂ ಬೇಡ. ಅದರ ಹಬೆಗೆ ಪಾರದರ್ಶಕ ಪ್ಲಾಸ್ಟಿಕ್ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ.

ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತು, ಅಂಕಿಗಳ) ಹಾಳೆಯೂ ಹಳೇದೇ, ಹಳದಿ ತಿರುಗಿತ್ತು. ಬೇಡದ ಒಂದು ಅಂಕಿಯನ್ನು ನೀರಿಗೆ ಹಾಕಿ ನೋಡಿದೆ, ಚೂರುಚೂರಾಯಿತು. ಉಳಿದವುಗಳ ಮೇಲೆ ಪಾರದರ್ಶಕ ವಾರ್ನಿಷ್ ಹೊಡೆದು, ಒಣಗಿಸಿ, ಒಂದೊಂದನ್ನೇ ಕತ್ತರಿಸಿ ಅಂಟಿಸಬೇಕಾಯಿತು. ಹಳದಿಯಷ್ಟೇ ತೊಂದರೆ ಆಗಿದ್ದರೆ ಹಾಳೆಯನ್ನು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಟ್ಟರೆ ಬಣ್ಣ ಬಿಡುತ್ತದೆ.

ಮಾರಿದವನು ಕೊಟ್ಟ ಕಾರಣ ಕೇಳಿ: 'ಡಬ್ಬ ಬಿಚ್ಚಿದ್ದೀರಿ, ಇನ್ನು ವಾಪಸ್ ಇಲ್ಲ.' ಬಿಚ್ಚದೆ ಒಳಗೆ ಏನಿದೆ ಅಂತ ಹೇಗೆ ಗೊತ್ತಾಗಬೇಕು ಅಲ್ವಾ? ಅದಕ್ಕೇ ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿ, ಮೊದಲ ಕತ್ತರಿಯಿಂದಲೇ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನನ್ನ ದೂರು ಹೋದ ಮೇಲೆ ಅಲ್ಲಿದ್ದ 'ಹೊಸ ಅಚ್ಚು' ಅನ್ನುವ ಸಾಲು ಸದ್ದಿಲ್ಲದೆ ಮಾಯವಾಯಿತು. ಎಲ್ಲ ಸ್ಪ್ರೂಗಳನ್ನೂ ಸೂಚನಾ ಹಾಳೆಯ ಜೊತೆ ತಾಳೆ ನೋಡುವವರೆಗೆ ಒಂದು ಭಾಗವನ್ನೂ ಕತ್ತರಿಸಬೇಡಿ. ಕತ್ತರಿಸಿದ ಕಿಟ್ಟನ್ನು ಯಾವ ಮಾರಾಟಗಾರನೂ ವಾಪಸ್ ತಗೊಳ್ಳುವುದಿಲ್ಲ.